ಹುಡುಗನ ಕಂಪ್ಯೂಟರು, ಜಗಲಿಯವರ ಬಜೆಟ್ಟು

"ಎಂಬತ್ತು ಸಾವಿರ ಕೊಟ್ಟ ಮೇಲೆ ಪೆಟ್ಟಿಗೆಗೆ ಗಾಜಿನ ಗೋಡೆ, ಒಳಗೆ ಬಣ್ಣದ ದೀಪ ಇರಲೇಬೇಕು. ಇಲ್ಲದಿದ್ದರೆ ಬಂದವರಿಗೆ ಏನನ್ನು ತೋರಿಸುವುದು?" ಎಂದರು ತೋಟದ ಯಜಮಾನರು.

ಕಂಪ್ಯೂಟರು ಬೇಕಾಗಿದ್ದದ್ದು ಅವರ ಮಗನಿಗೆ. ಅವನು ಮೂಲೆಯಲ್ಲಿ ಮೊಬೈಲ್ ಹಿಡಿದು ಕುಳಿತಿದ್ದ. ಬಿಡಿಭಾಗ ಆರಿಸುವ ಹೊಣೆಯನ್ನು ಜಗಲಿಯಲ್ಲಿ ಸೇರಿದ್ದ ನಾವೇ ವಹಿಸಿಕೊಂಡಿದ್ದೆವು. ಪರರ ದುಡ್ಡು ಖರ್ಚು ಮಾಡುವ ಹುರುಪನ್ನು ಸೋಮವಾರಪೇಟೆಯ ಆಷಾಢದ ಮಳೆಯೂ ತಣಿಸಲಾರದು.

ಗಣಿತದ ಮೇಷ್ಟರು ಹಾಳೆಯ ಮೇಲೆ 'ಗ್ರಾಫಿಕ್ಸ್ ಕಾರ್ಡ್' ಎಂದು ಬರೆದು ಎರಡು ಅಡಿಗೆರೆ ಎಳೆದರು. "ಪರದೆಯ ಮೇಲೆ ಚಿತ್ರ ಮೂಡಿಸುವುದು ಇದೇ. ಆಟದ ಯಂತ್ರದಲ್ಲಿ ದುಡ್ಡಿನ ಸಿಂಹಪಾಲು ಇದಕ್ಕೇ. ಪ್ರೊಸೆಸರ್‌ಗೆ ರೈಸನ್ 5 7600 ಸಾಕು."

'ಸಾಕು' ಎಂದರೆ ಯಜಮಾನರಿಗೆ ಆಗದು. "ರೈಸನ್ 9 ಕೂಡ ಇದೆಯಂತಲ್ಲ. ಐದಕ್ಕಿಂತ ಒಂಬತ್ತು ದೊಡ್ಡದಲ್ಲವೇ ಮೇಷ್ಟ್ರೇ?"

"ದೊಡ್ಡದೇ. ಆದರೆ ಬಹುಪಾಲು ಆಟಗಳಲ್ಲಿ ಅದರೊಳಗೆ ಲೆಕ್ಕ ಮಾಡುವ ಅರ್ಧ ಕೋರ್‌ಗಳು ಕೈಕಟ್ಟಿ ಕುಳಿತಿರುತ್ತವೆ."

"ಸಂಬಳ ಮಾತ್ರ ನಾನು ಪೂರ್ತಿ ಕೊಡಬೇಕೇ?" ಒಂಬತ್ತು ಅಲ್ಲಿಗೇ ಬಿದ್ದುಹೋಯಿತು.

ಕಾರ್ಡಿನ ವಿಷಯದಲ್ಲಿ ನಿಜವಾದ ಗೊಂದಲವಿತ್ತು. ರೇಡಿಯಾನ್ ಆರ್‌ಎಕ್ಸ್ 9060 ಎಕ್ಸ್‌ಟಿ ಎಂಬ ಒಂದೇ ಹೆಸರಿನಲ್ಲಿ 8 ಜಿಬಿಯದೂ ಸಿಗುತ್ತದೆ, 16 ಜಿಬಿಯದೂ ಸಿಗುತ್ತದೆ. ನಮ್ಮ ಕೊಡಗಿನಲ್ಲಿ ಒಂದೇ ಹೆಸರಿನ ನಾಲ್ವರು ಒಂದೇ ಮದುವೆಯಲ್ಲಿ ಸಿಕ್ಕರೆ ಮನೆತನದ ಹೆಸರು ಕೇಳಿ ಬಿಡಿಸಿಕೊಳ್ಳುತ್ತೇವೆ. ಇಲ್ಲಿ ಮೆಮೊರಿ ಎಷ್ಟೆಂದು ಕೇಳದೆ ದುಡ್ಡು ಕೊಡಬಾರದು. ಹೊಸ ಆಟಗಳನ್ನು ಹೆಚ್ಚಿನ ಗುಣಮಟ್ಟದ ಸೆಟ್ಟಿಂಗ್‌ನಲ್ಲಿ ತೆರೆದರೆ 8 ಜಿಬಿ ಬೇಗ ತುಂಬಿ ಚಿತ್ರ ಮುಗ್ಗರಿಸುತ್ತದೆ.

ರ‍್ಯಾಮ್‌ನದು (ಯಂತ್ರ ಕೆಲಸ ಮಾಡುವಾಗ ಬಳಸುವ ಮೆಮೊರಿ) ಬೇರೆಯೇ ಕಥೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಂಡದ್ದರಿಂದ 2025ರ ಕೊನೆಯಲ್ಲಿ ಬೆಲೆ ಏರಿತೆಂದು ಮೇಷ್ಟರು ವಿವರಿಸುತ್ತಿದ್ದಂತೆ ಯಜಮಾನರ ಕಿವಿ ನೆಟ್ಟಗಾಯಿತು. ಬೆಲೆ ಏರಲೆಂದು ಕಾಳುಮೆಣಸನ್ನು ವರ್ಷಗಟ್ಟಲೆ ಮೂಟೆಯಲ್ಲಿಟ್ಟವರು ಅವರು. "ಇನ್ನೂ ಏರುತ್ತದೆಯೇ? ಹಾಗಾದರೆ ಹತ್ತಿಪ್ಪತ್ತು ಕೊಂಡಿಟ್ಟುಬಿಡೋಣ. ಬೂಷ್ಟು ಹಿಡಿಯುವುದಿಲ್ಲ ತಾನೇ?"

"ಎರಡು ಸಾಕು. ಒಂದೇ ದೊಡ್ಡದಕ್ಕಿಂತ 8 ಜಿಬಿಯ ಜೋಡಿ ಒಳ್ಳೆಯದು. ಪ್ರೊಸೆಸರ್‌ಗೆ ಹೋಗುವ ದಾರಿಗಳಾದ ಎರಡು ಚಾನೆಲ್‌ಗಳಲ್ಲೂ ದತ್ತಾಂಶ ಓಡಾಡುತ್ತದೆ."

ಮತ್ತೆ 'ಸಾಕು'!

ಹಾಳೆಯ ಕೊನೆಯಲ್ಲಿ, ಗಾಜಿಗೂ ದೀಪಕ್ಕೂ ಕಳೆದು ಉಳಿದ ಸಾವಿರದ ಇನ್ನೂರು ರೂಪಾಯಿಯ ಮುಂದೆ 'ಎಸ್‌ಎಂಪಿಎಸ್' ಎಂದಿತ್ತು, ಅಂದರೆ ಎಲ್ಲ ಭಾಗಗಳಿಗೂ ವಿದ್ಯುತ್ ಹಂಚುವ ಡಬ್ಬಿ. ಅಲ್ಲಿಯವರೆಗೆ ಎಲೆ ಅಡಿಕೆಯಲ್ಲಿ ಮಗ್ನರಾಗಿದ್ದ ನಿವೃತ್ತ ಲೈನ್‌ಮನ್ ಎದ್ದು ಹೋಗಿ ಉಗಿದು ಬಂದರು. ಅವರು ಉಗಿದು ಬಂದರೆಂದರೆ ಮಾತು ದೀರ್ಘವಾಗಲಿದೆ ಎಂದು ಅರ್ಥ.

"ಎಲ್ಲಕ್ಕೂ ಅನ್ನ ಹಾಕುವವನು ಇವನೇ ಅಲ್ಲವೇ? ಇವನಿಗೆ ತಂಗಳೇ? ನಾಳೆ ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬೀಳುತ್ತದೆ. ಕರೆಂಟು ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಅಗ್ಗದ ಡಬ್ಬಿ ಸಾಯುವಾಗ ಒಂಟಿಯಾಗಿ ಸಾಯುವುದಿಲ್ಲ, ಕಾರ್ಡನ್ನೂ ಕರೆದುಕೊಂಡು ಹೋಗುತ್ತದೆ."

ಮೇಷ್ಟರು ಲೆಕ್ಕ ಹಾಕಿದರು. 16 ಜಿಬಿಯ ಕಾರ್ಡಿಗೆ 160 ವಾಟ್, ಪ್ರೊಸೆಸರ್ ಉಸಿರುಗಟ್ಟಿ ದುಡಿದರೆ 88, ಉಳಿದದ್ದಕ್ಕೆ ಐವತ್ತು. 550 ವಾಟ್‌ನ ವಿದ್ಯುತ್ ಕಡಿಮೆ ಪೋಲು ಮಾಡುವ ಬ್ರಾಂಜ್ ದರ್ಜೆಯ ಡಬ್ಬಿಯಾದರೆ ನೆಮ್ಮದಿ.

"ಕರೆಂಟು ಹೋದ ಮೇಲೆ ಅದು ಎಷ್ಟು ಹೊತ್ತು ತಡೆಯುತ್ತದೆ?" ಎಂದರು ಲೈನ್‌ಮನ್.

"ಒಳ್ಳೆಯದಾದರೆ ಹದಿನಾರು ಹದಿನೇಳು ಮಿಲಿಸೆಕೆಂಡು. ಸೆಕೆಂಡಿಗೆ 60 ಚಿತ್ರ ಓಡುವ ಆಟದಲ್ಲಿ ಒಂದು ಚಿತ್ರಕ್ಕೆ ಸಿಗುವ ಸಮಯವೂ ಅಷ್ಟೇ." ಈ ಹೊಂದಾಣಿಕೆ ಕಂಡು ಮೇಷ್ಟರ ಮುಖ ಅರಳಿತು. ಬೇರೆ ಯಾರ ಮುಖವೂ ಅರಳಲಿಲ್ಲ.

"ಅಷ್ಟರೊಳಗೆ ಬ್ಯಾಟರಿ ಕೈಜೋಡಿಸಬೇಕು. ಯುಪಿಎಸ್ ಬರೆಯಿರಿ. ಡಬ್ಬಿಯ ಮೇಲೆ 600 ವಿಎ ಎಂದಿದ್ದರೆ 600 ವಾಟ್ ಎಂದು ಹಿಗ್ಗಬೇಡಿ. ಅನೇಕವು ಕೊಡುವುದು 360."

ದೀಪ ಹೋಯಿತು. ಗಾಜೂ ಹೋಯಿತು. ಯಜಮಾನರ ಮುಖದಲ್ಲಿ ಸೂತಕದ ಕಳೆ. ಆಗ ಹುಡುಗ ಮೊದಲ ಬಾರಿಗೆ ತಲೆ ಎತ್ತಿದ.

"ಮಾನಿಟರ್ ಎಲ್ಲಿದೆ?"

ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರೂ ಮಾನಿಟರ್ ಇರಲಿಲ್ಲ. ಅವನು ಆಡುವ ಆಟ ಯಾವುದೆಂದು ಕೇಳಬೇಕೆಂಬ ಬುದ್ಧಿಯೂ ಆಗಲೇ ಬಂದದ್ದು. ವ್ಯಾಲರಂಟ್ ಅಂತೆ. ಅದಕ್ಕೆ ಇಷ್ಟು ದೊಡ್ಡ ಕಾರ್ಡೇ ಬೇಡ, ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ 144 ಹರ್ಟ್ಜ್ ಪರದೆ ಮತ್ತು ಕೈಕೊಡದ ಇಂಟರ್‌ನೆಟ್ ಮುಖ್ಯ. ಮೇಷ್ಟರು ಎರಡು ಅಡಿಗೆರೆಯ ಸಾಲನ್ನೇ ಹೊಡೆದುಹಾಕಿ ಚಿಕ್ಕ ಕಾರ್ಡ್ ಬರೆದರು.

ಅಷ್ಟರಲ್ಲಿ ಲೈನ್‌ಮನ್ ಹುಡುಗನ ಕೋಣೆಗೆ ಹೋಗಿ ಟೆಸ್ಟರ್ ಆಡಿಸಿ ಬಂದಿದ್ದರು. ಸಾಕೆಟ್‌ಗೆ ಮೂರು ತೂತುಗಳಿದ್ದವು, ಮೇಲಿನದಕ್ಕೆ ತಂತಿಯೇ ಇರಲಿಲ್ಲ. "ಗುಂಡಿ ತೋಡಿ ಅರ್ಥಿಂಗ್ ಆಗುವವರೆಗೆ ಯಾವ ಪೆಟ್ಟಿಗೆಯೂ ಈ ಮನೆಯೊಳಗೆ ಬರಕೂಡದು" ಎಂದು ಅಪ್ಪಣೆಯಾಯಿತು.

ಹೀಗೆ ಹುಡುಗನ ಗೇಮಿಂಗ್ ಕಂಪ್ಯೂಟರಿನ ಮೊದಲ ಬಿಡಿಭಾಗಗಳು ಆ ಸಂಜೆಯೇ ಜೀಪಿನಲ್ಲಿ ಬಂದಿಳಿದವು: ಒಂದು ಮೂಟೆ ಇದ್ದಿಲು, ಒಂದು ಮೂಟೆ ಕಲ್ಲುಪ್ಪು.