ವಾರ್ಷಿಕ ಸಭೆಗೆ ಈಗಲೂ ಆನ್‌ಲೈನ್ ಲಿಂಕ್ ಬೇಕಾ?

ಪೀಣ್ಯ_ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಕೈಗಾರಿಕೆಯವರ ಸಂಘ, ಸುಮಾರು ಮುನ್ನೂರು ಸದಸ್ಯರು. ಕೋವಿಡ್‌ಗೆ ಮುಂಚೆ ವರ್ಷಕ್ಕೊಮ್ಮೆ ಹಾಲ್ ಹಿಡೀತಿದ್ವಿ. ಬೆಳಿಗ್ಗೆ ಒಂಬತ್ತಕ್ಕೆ ತಿಂಡಿ, ಆಮೇಲೆ ಸರ್ವಸದಸ್ಯರ ಸಭೆ, ಊಟ, ಸಂಜೆವರೆಗೂ ಗೋಷ್ಠಿ. 2020, 21ರಲ್ಲಿ ಎಲ್ಲ ಝೂಮ್‌ನಲ್ಲೇ ಮುಗೀತು. ಆಮೇಲಿಂದ ಹಾಲೂ ಇರುತ್ತೆ, ಲಿಂಕೂ ಇರುತ್ತೆ. ಹಾಲ್‌ನಲ್ಲಿ ಅರ್ಧ ಕುರ್ಚಿ ಖಾಲಿ, ಲಿಂಕ್‌ನಲ್ಲಿ ಬರೀ ಕಪ್ಪು ಚೌಕಗಳು. ಖರ್ಚು ಮಾತ್ರ ಎರಡು ಕಡೆಯದ್ದೂ ಬರ್ತಿದೆ.

ಈ ಸಲ ಹಿರಿಯರು "ಲಿಂಕ್ ತೆಗೀರಿ, ಬರೋರು ಬರಲಿ" ಅಂತಾರೆ. ಬೊಮ್ಮಸಂದ್ರದ ಕಡೆ ಯೂನಿಟ್ ಇರೋರು "ಒಂದಿಡೀ ದಿನ ರಸ್ತೇಲೇ ಹೋಗುತ್ತೆ, ಲಿಂಕ್ ಬೇಕೇ ಬೇಕು" ಅಂತಾರೆ. ಇದೇ ಕೆಲಸದಲ್ಲಿರೋರು ಏನು ಮಾಡ್ತಿದ್ದೀರಿ?

ಚಪ್ಪರದಕ್ಕ:
ಸರ್, ನಾನು ಸಭೆ-ಸಮಾರಂಭ ನಡೆಸಿಕೊಡೋ ಕಸುಬಿನವಳು. ಲಿಂಕ್ ಬೇಕೋ ಬೇಡವೋ ಅನ್ನೋದು ಆಮೇಲಿನ ಮಾತು. ನಿಮ್ಮ ತೊಂದರೆ ಇರೋದು ಬೇರೆ ಬೇರೆ ಥರದ ಎರಡು ಕೆಲಸ ಒಂದೇ ದಿನಕ್ಕೆ ತುಂಬಿರೋದ್ರಲ್ಲಿ.

ಸ್ವಲ್ಪ ಹಿಂದಕ್ಕೆ ಹೋಗಿ ನೋಡಿ. 2020ರ ಮಾರ್ಚ್‌ನಲ್ಲಿ ನಮ್ಮ ಬುಕಿಂಗ್ ಎಲ್ಲ ಹೋಯ್ತು. ನಾವು ಸ್ಟಾಲ್ ಕಟ್ಟಿಸ್ತಿದ್ದ ತುಮಕೂರು ರಸ್ತೆ ವಸ್ತುಪ್ರದರ್ಶನ ಕೇಂದ್ರ ಬಿಐಇಸಿಯಲ್ಲಿ 10,100 ಹಾಸಿಗೆಯ ಕೋವಿಡ್ ಕೇಂದ್ರ ಎದ್ದಿತು. ಆ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಸಮಿಟ್ ಪರದೆ ಮೇಲೇ ನಡೀತು, ಪ್ರಧಾನಿಯವರು ಉದ್ಘಾಟಿಸಿದ್ದೂ ವಿಡಿಯೊದಲ್ಲೇ. 2021ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ ಅರ್ಧ ನೆಲದ ಮೇಲೆ, ಅರ್ಧ ಆನ್‌ಲೈನ್. ಆದ್ರೆ 2022ಕ್ಕೆ ಟೆಕ್ ಸಮಿಟ್ ಬೆಂಗಳೂರು ಅರಮನೆಗೇ ವಾಪಸ್ ಬಂತಲ್ಲ, ಯಾಕೆ? ಸ್ಟಾಲ್ ಹಾಕೋರಿಗೆ ಎದುರಿಗೆ ನಿಂತು ಮಾತಾಡೋ ಗಿರಾಕಿ ಬೇಕು. ವರ್ಚುವಲ್ ಸ್ಟಾಲ್ ಅಂತ ನಾವೂ ಮಾಡಿಕೊಟ್ಟಿದ್ದೀವಿ. ಕಾರ್ಟೂನ್ ಥರದ ಹಾಲ್, ಬಾಣ ಒತ್ತಿ ಒಳಗೆ ಹೋದ್ರೆ ಒಂದು ಪಿಡಿಎಫ್ ಬಿದ್ದಿರ್ತಿತ್ತು. ಒಂದು ಸಲ ಮಾಡಿಸಿದ ಗಿರಾಕಿ ಮತ್ತೆ ಅದರ ಹೆಸರೆತ್ತಲಿಲ್ಲ.

ಹಾಗಾಗಿ ಓದಿ ಹೇಳೋ ಕೆಲಸ ಬೇರೆ, ಸೇರಿ ಮಾಡೋ ಕೆಲಸ ಬೇರೆ ಅಂತ ಒಡೀರಿ. ಲೆಕ್ಕಪತ್ರ, ನಿರ್ಣಯ, ಪದಾಧಿಕಾರಿಗಳ ಆಯ್ಕೆ, ಇದನ್ನೆಲ್ಲ ವಾರದ ಮಧ್ಯೆ ಒಂದು ಸಂಜೆ ಏಳು ಗಂಟೆಗೆ ಆನ್‌ಲೈನ್‌ನಲ್ಲಿ ಮುಗಿಸಿ. ಬೈಲಾ ಮಾತ್ರ ಮೊದಲೇ ತೆಗೆದು ನೋಡಿ. ವಿಡಿಯೊದಲ್ಲಿ ವಾರ್ಷಿಕ ಸಭೆ ನಡೆಸಬಹುದು ಅಂತ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2020ರಲ್ಲಿ ಹೇಳಿದ್ದು ಕಂಪನಿಗಳಿಗೆ. ನಿಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇದ್ರೆ ಆ ಸುತ್ತೋಲೆ ತೋರಿಸಿ ತಪ್ಪಿಸಿಕೊಳ್ಳೋಕಾಗಲ್ಲ. ಕೋರಂ, ಅಂದ್ರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ, ಹೇಗೆ ಲೆಕ್ಕ ಹಿಡೀತಾರೆ, ಆಡಿಟರ್‌ನ ಕೇಳಿ.

ಹಾಲ್‌ಗೆ ಅರ್ಧ ದಿನ ಸಾಕು. ಹನ್ನೊಂದಕ್ಕೆ ಶುರು, ಮೂರೂವರೆಗೆ ಮುಕ್ತಾಯ. ನಾಲ್ಕು ಜನ ಭಾಷಣಕಾರರ ಬದಲು ಇಬ್ಬರನ್ನ ಕರೀರಿ, ಮಧ್ಯೆ ಜನ ಮಾತಾಡಿಕೊಳ್ಳೋಕೆ ಬಿಡಿ. ನಿಮ್ಮ ಸದಸ್ಯರು ಬರೋದೇ ಅದಕ್ಕೆ, ಯಾರ ಹತ್ತಿರ ಯಾವ ಮೆಷಿನ್ ಖಾಲಿ ಇದೆ ಅಂತ ತಿಳ್ಕೊಳ್ಳೋಕೆ. ಅದು ಲಿಂಕ್‌ನಲ್ಲಿ ಸಿಗಲ್ಲ, ಹಾಗಾಗಿ ಆ ದಿನಕ್ಕೆ ಲಿಂಕೂ ಬೇಡ. ಭಾಷಣದ ರೆಕಾರ್ಡಿಂಗ್ ಆಮೇಲೆ ಗ್ರೂಪಿಗೆ ಹಾಕಿ.

ಬೊಮ್ಮಸಂದ್ರದವರಿಗೆ 2025ರ ಆಗಸ್ಟ್‌ನಿಂದ ಮೆಟ್ರೊ ಹಳದಿ ಮಾರ್ಗ ಇದೆ. ಆರ್.ವಿ. ರಸ್ತೇಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದ್ರೆ ಪೀಣ್ಯ ದಾಟಿ ಮಾದಾವರದವರೆಗೂ ರೈಲಲ್ಲೇ ಬರಬಹುದು. ಈಗ ನಾನು ಹಾಲ್ ನೋಡೋಕೆ ಹೋದಾಗ ಪಾರ್ಕಿಂಗ್‌ಗಿಂತ ಮೊದಲು ಮೆಟ್ರೊ ಎಷ್ಟು ದೂರ ಅಂತಲೇ ಕೇಳೋದು.

ಇನ್ನು ಕರಾರು. 2022ರ ಜನವರಿಯಲ್ಲಿ ಮದುವೆಗೆ ಒಳಗಾದ್ರೆ ನೂರು, ಬಯಲಾದ್ರೆ ಇನ್ನೂರು ಜನ ಅಂತ ಸರ್ಕಾರದ ಆದೇಶ ಬಂತು. ನನ್ನ ಗಿರಾಕಿ ಒಬ್ಬರು ಮುಂಗಡ ವಾಪಸ್ ಕೇಳಿದ್ರೆ ಹಾಲ್‌ನೋರು "ಡೇಟ್ ಬೇಕಾದ್ರೆ ಬದಲಿಸ್ತೀವಿ, ದುಡ್ಡಿನ ಮಾತು ಬೇಡ" ಅಂದ್ರು. ರಸೀದಿ ಹಿಂದೆ ಸಣ್ಣಕ್ಷರದಲ್ಲಿ ಅದೇ ಇತ್ತು. ಈಗ ನಾನು ಸಹಿ ಹಾಕೋಕೆ ಮುಂಚೆ ಮೂರು ಸಾಲು ಸೇರಿಸ್ತೀನಿ. ಸರ್ಕಾರಿ ಆದೇಶದಿಂದ ನಿಂತ್ರೆ ಮುಂಗಡ ಪೂರ್ತಿ ವಾಪಸ್, ಎಷ್ಟು ದಿನದೊಳಗೆ ಅಂತ ನಮೂದಿಸಿ. ಡೇಟ್ ಬದಲಾದ್ರೂ ದರ ಅದೇ. ಊಟದ ಕೊನೆ ಲೆಕ್ಕ ಮೂರು ದಿನ ಮುಂಚೆ ಕೊಡ್ತೀವಿ. ಮುಖ ಸಿಂಡರಿಸ್ತಾರೆ, ಆದ್ರೆ ವಾರದ ದಿನ ಆದ್ರೆ ಒಪ್ಕೋತಾರೆ.

ಒಗ್ಗರಣೆ_ರಾಯರು:
ಅಡುಗೆ ಕಡೆಯಿಂದ ಒಂದು ಮಾತು. ಆನ್‌ಲೈನ್ ಬಂದಮೇಲೆ "ಬರ್ತೀನಿ" ಅನ್ನೋ ಮಾತಿಗೆ ಬೆಲೆ ಹೋಯ್ತು. ಬಿಟ್ಟಿ ಫಾರ್ಮ್ ತುಂಬಿದೋರಲ್ಲಿ ಎಷ್ಟು ಜನ ಮನೇಲೇ ಕೂತು ಲಿಂಕ್ ಒತ್ತುತ್ತಾರೆ ಅಂತ ದೇವರಿಗೇ ಗೊತ್ತು. ತಲೆಗೆ ಇನ್ನೂರು ರೂಪಾಯಿ ಇಸ್ಕೊಳ್ಳಿ ಸ್ವಾಮಿ, ಬಂದೋರಿಗೆ ಬೇಕಾದ್ರೆ ಬಾಗಿಲಲ್ಲೇ ವಾಪಸ್ ಕೊಡಿ. ಮಿನಿಮಮ್ ಗ್ಯಾರಂಟಿ, ಅಂದ್ರೆ ಜನ ಬರದಿದ್ರೂ ದುಡ್ಡು ಕೊಡಲೇಬೇಕಾದ ಊಟದ ಲೆಕ್ಕ, ಕಮ್ಮಿ ಬರೆಸಿ, ಜಾಸ್ತಿ ಬಂದ್ರೆ ಅನ್ನ-ಸಾರು ನಾವು ಹೊಂದಿಸ್ತೀವಿ. ಹೋಳಿಗೆ ಹೊಂದಿಸೋಕಾಗಲ್ಲ. ಬಫೆಯಲ್ಲಿ ನೀವೇ ಬಡಿಸ್ಕೊಳ್ಳಿ ಅನ್ನೋದು ಕೋವಿಡ್‌ನಲ್ಲಿ ನಿಂತಿತ್ತು. ಈಗಲೂ ಪ್ರತಿ ಪಾತ್ರೆ ಹಿಂದೆ ಒಬ್ಬ ಹುಡುಗ ನಿಂತ್ರೆ ಪದಾರ್ಥ ಕಮ್ಮಿ ಪೋಲಾಗುತ್ತೆ.

ಮೈಕ್_ಚೆಕ್:
ಅಕ್ಕ, ಲಿಂಕ್ ಬೇಡ್ವೇ ಬೇಡ ಅಂದ್ರೆ ನಮ್ ಹೊಟ್ಟೆಪಾಡು? 😀 ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಒಬ್ರು ಆನ್‌ಲೈನ್‌ನಲ್ಲೇ ಮಾತಾಡ್ತಾರೆ ಅಂದ್ರೆ ಲಿಂಕ್ ಬೇಕಾಗುತ್ತೆ. ಆಗ ಲ್ಯಾಪ್‌ಟಾಪ್ ಮೈಕ್‌ನ ಪೋಡಿಯಂ ಮೇಲಿಟ್ಟು ಕೈ ತೊಳ್ಕೋಬೇಡಿ. ಮಿಕ್ಸರ್‌ನ ಆಕ್ಸ್‌ನಿಂದ (ದನಿ ಬೇರೆಯಾಗಿ ಹೊರಗೆ ಕೊಡೋ ದಾರಿ) ಒಂದು ಲೈನ್ ಎಳೆದು, ದನಿನ ಲ್ಯಾಪ್‌ಟಾಪ್‌ಗೆ ಹೊಂದಿಸೋ ಪೆಟ್ಟಿಗೆ ಆಡಿಯೊ ಇಂಟರ್‌ಫೇಸ್ ಮೂಲಕ ಲ್ಯಾಪ್‌ಟಾಪ್‌ಗೆ ಕೊಡಿ. ಝೂಮ್‌ನಿಂದ ಬರೋ ದನಿ ಹಾಲ್ ಸ್ಪೀಕರ್‌ಗೆ ಹೋಗ್ಲಿ, ಆ ಆಕ್ಸ್‌ಗೆ ಮಾತ್ರ ಹೋಗಬಾರದು. ಹೋದ್ರೆ ಲಿಂಕ್‌ನಲ್ಲಿ ಮಾತಾಡೋರಿಗೆ ಅವರ ಮಾತೇ ಅರ್ಧ ಸೆಕೆಂಡ್ ಬಿಟ್ಟು ವಾಪಸ್ ಕೇಳುತ್ತೆ, ಎಂಥಾ ಭಾಷಣಕಾರರೂ ತಡವರಿಸ್ತಾರೆ.

ಹಾಲ್ ವೈಫೈ ಖಾಲಿ ಹಾಲ್‌ನಲ್ಲಿ ಓಡುತ್ತೆ, ಜನ ತುಂಬಿದ್ಮೇಲೆ ಕೂರುತ್ತೆ. ಕೇಬಲ್ ಕೇಳಿ, ಅಪ್‌ಲೋಡ್ ಎಷ್ಟು ಅಂತ ಕೇಳಿ. ಡೌನ್‌ಲೋಡ್ ಹೇಳಿ ಸಾಗಹಾಕ್ತಾರೆ.

ಪೀಣ್ಯ_ಕಾರ್ಯದರ್ಶಿ:
ಬೈಲಾ ತೆಗೆದು ನೋಡಿದೆ. "ಖುದ್ದು ಹಾಜರಿರುವ ಸದಸ್ಯರು" ಅಂತಲೇ ಇದೆ. ಅಂದ್ರೆ ಅದನ್ನ ತಿದ್ದೋ ನಿರ್ಣಯ ಈ ವರ್ಷ ಹಾಲ್‌ನಲ್ಲೇ ಆಗಬೇಕು, ಆನ್‌ಲೈನ್ ಸಭೆ ಏನಿದ್ರೂ ಮುಂದಿನ ವರ್ಷ. ಕರಾರಿನ ಮೂರು ಸಾಲು ಇವತ್ತೇ ಹಾಲ್‌ನವರಿಗೆ ಕಳಿಸ್ತೀನಿ. ಮೈಕ್ ಸರ್, ಸಭಿಕರ ಪ್ರಶ್ನೆ ರೆಕಾರ್ಡಿಂಗ್‌ನಲ್ಲಿ ಕೇಳಿಸೋದೇ ಇಲ್ಲ, ಅದಕ್ಕೇನು ಮಾಡೋದು?

ಮೈಕ್_ಚೆಕ್:
ಎರಡು ಕಾರ್ಡ್‌ಲೆಸ್ ಮೈಕ್, ಹಿಡ್ಕೊಂಡು ಓಡೋಕೆ ಇಬ್ರು ಹುಡುಗ್ರು. ಮೈಕ್ ಕೈಗೆ ಬರೋವರೆಗೂ ಬಾಯಿ ಬಿಡಬೇಡಿ ಅಂತ ನಿರೂಪಕರು ಶುರುವಲ್ಲೇ ಹೇಳಲಿ. ಊಟದ ಹೊತ್ತಲ್ಲಿ ಸೆಲ್ ಹೊಸದು ಹಾಕ್ಸಿ.