ಬಿಸು ಕಣಿಗೆ ಹಿತ್ತಿಲಿನ ಸೌತೆ: ಬೇಸಿಗೆಯಲ್ಲಿ ತರಕಾರಿ ಮಾಡಿದವರು ಅನುಭವ ಹೇಳಿ

ಸುರತ್ಕಲ್ ಹೊಸಬ (ಫೆಬ್ರವರಿ 25)
ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಸುರತ್ಕಲ್ ಹತ್ತಿರ ಬಾಡಿಗೆ ಮನೆಗೆ ಬಂದಿದ್ದೇವೆ. ಹಿತ್ತಿಲಿನಲ್ಲಿ ಮೂರು ಸೆಂಟ್ಸ್ ಜಾಗ ಮತ್ತು ಒಂದು ಬಾವಿ ಉಂಟು. ಸಮುದ್ರ ಒಂದು ಕಿಲೋಮೀಟರ್ ಒಳಗೆ. ತುಳುವರ ಹೊಸ ವರ್ಷ ಬಿಸುವಿಗೆ ಇನ್ನು ಏಳು ವಾರ. ಆ ಬೆಳಿಗ್ಗೆ ಎದ್ದ ಕೂಡಲೇ ನೋಡಲು ಜೋಡಿಸಿಡುವ ಕಣಿಗೆ ನಮ್ಮದೇ ಹಿತ್ತಿಲಿನ ಸಾಂಬಾರು ಸೌತೆ ಇಡಬೇಕೆಂದು ಅತ್ತೆಗೆ ಆಸೆ. ಈಗ ಬಿತ್ತಿದರೆ ಆಗುತ್ತದೆಯೇ? ಜೊತೆಗೆ ಬೇರೆ ಏನು ಹಾಕಬಹುದು?

ಬಿಜೈ ಟೆರೇಸ್
ನನ್ನ ಕಥೆ ಕೇಳಿ, ಆಮೇಲೆ ಗುದ್ದಲಿ ಹಿಡಿಯಿರಿ. ನಾನು ಟೆರೇಸಿನಲ್ಲಿ ಮಾಡಿದ್ದು. ಗ್ರೋಬ್ಯಾಗ್ ನಲವತ್ತು, 1,800 ರೂಪಾಯಿ. ತೆಂಗಿನ ನಾರಿನ ಹುಡಿಯ ಇಟ್ಟಿಗೆ ಆರು, 1,320. ಕೆಂಪು ಮಣ್ಣು, ಗೊಬ್ಬರ, ಅದನ್ನು ಮೇಲೆ ಹೊತ್ತವರ ಕೂಲಿ ಸೇರಿ 2,680. ನೆರಳು ಬಲೆಗೆ ಪೈಪಿನ ಚೌಕಟ್ಟು 14,500. ಹನಿ ನೀರಾವರಿ, ಟೈಮರ್ ಸಮೇತ 3,200. ಎಲ್ಲ ಸೇರಿ 23,500. ಬೆಂಡೆ ಮೊಣಕಾಲೆತ್ತರ ಬಂದಾಗ ಎಲೆಯ ನರಗಳೆಲ್ಲ ಹಳದಿ ಬಲೆಯಂತಾದವು. ಹಳದಿ ನಂಜು, ಬಿಳಿ ನೊಣ ತರುವುದು. ಹದಿನೆಂಟು ಗಿಡ ಕಿತ್ತೆ. ಉಳಿದವುಗಳಲ್ಲಿ ಬೇಸಿಗೆ ಮುಗಿಯುವಷ್ಟರಲ್ಲಿ ಸಿಕ್ಕಿದ್ದು 11 ಕಿಲೋ. ತೂಕ ಮಾಡಿ ಬರೆದಿಟ್ಟಿದ್ದೇನೆ. ಜೂನ್ ಎರಡನೇ ವಾರ ಮಲಗುವ ಕೋಣೆಯ ಮೂಲೆಯಲ್ಲಿ ತೇವ ಕಾಣಿಸಿತು. ಬ್ಯಾಗುಗಳ ಅಡಿಯಲ್ಲಿ ನೀರು ನಿಂತು ಸ್ಲ್ಯಾಬ್ ಸೋರಿದ್ದು. ದುರಸ್ತಿಗೆ 38,000.

ಆದರೂ ಹೇಳುತ್ತೇನೆ, ಆ ಎಳೆ ಬೆಂಡೆಯ ರುಚಿ ಅಂಗಡಿಯದಕ್ಕೆ ಇಲ್ಲ. ಈ ವರ್ಷ ಮಟ್ಟು ಗುಳ್ಳ, ಅಂದರೆ ಉಡುಪಿ ಹತ್ತಿರದ ಮಟ್ಟು ಊರಿನ ಬದನೆ, ಹಾಕಿದ್ದೇನೆ.

ಕಿನ್ನಿಗೋಳಿ ಬಸಳೆ
61,500ಕ್ಕೆ 11 ಕಿಲೋ. ಕಿಲೋಗೆ ಐದೂವರೆ ಸಾವಿರದ ಬೆಂಡೆ! ಅದಕ್ಕೆ ರುಚಿ ಇಲ್ಲದಿದ್ದರೆ ಹೇಗೆ ಮಾರಾಯರೇ.

ನನ್ನದು ಬಸಳೆ ಚಪ್ಪರ, ಹನ್ನೆರಡು ವರ್ಷದ್ದು. ಅತ್ತೆ ಅವರ ತವರಿನಿಂದ ಸೆರಗಿನಲ್ಲಿ ಸುತ್ತಿ ತಂದ ನಾಲ್ಕು ಕಡ್ಡಿಯಿಂದ ಆದದ್ದು. ಅಡಿಕೆ ಮರದ ಸಲಾಕೆ, ಮೇಲೆ ಬಿದಿರಿನ ಕಡ್ಡಿ, ಬುಡಕ್ಕೆ ಸುಡುಮಣ್ಣು, ಹಟ್ಟಿಗೊಬ್ಬರ, ಒಲೆಯ ಬೂದಿ. ಬೇಸಿಗೆಯಲ್ಲಿ ಬುಡಕ್ಕೆ ಒಣ ಮಡಲು ಮುಚ್ಚುತ್ತೇನೆ. ಖರ್ಚು ಎಂದರೆ ಮೂರು ವರ್ಷಕ್ಕೊಮ್ಮೆ ಸಲಾಕೆ ಬದಲಿಸುವುದು. ಮತ್ತೆ ಮೀನು ತೊಳೆದ ನೀರು. ಬಂಗುಡೆಯ ನೀರು ಬಿದ್ದ ಮರುವಾರ ಎಲೆ ಅಂಗೈಯಷ್ಟಾಗುತ್ತದೆ.

ಒಮ್ಮೆ ಮಾತ್ರ ಕೆಟ್ಟಿತು. ನಾನು ತವರಿಗೆ ಹೋಗಿದ್ದ ಒಂಬತ್ತು ದಿನ ಯಜಮಾನರು ಮಧ್ಯಾಹ್ನ ಎರಡು ಗಂಟೆಗೆ ಪೈಪಿನಲ್ಲಿ ಎಲೆಯ ಮೇಲೆಯೇ ನೀರು ಹೊಡೆದಿದ್ದಾರೆ. ಪೈಪು ಬಿಸಿಲಿನಲ್ಲಿ ಬಿದ್ದುಕೊಂಡಿದ್ದದ್ದು, ಮೊದಲ ನೀರು ಚಹಾ ಮಾಡುವಷ್ಟು ಬಿಸಿ. ನಾನು ಬಂದು ನೋಡುವಾಗ ಎಳೆ ಕುಡಿಗಳೆಲ್ಲ ಬೇಯಿಸಿದ ಹಾಗೆ ಜೋತು ಬಿದ್ದಿದ್ದವು. ಇಂದಿಗೂ ಆ ಮಾತು ಬಂದರೆ ಅವರು ಪೇಪರ್ ಹಿಡಿದು ಜಗಲಿಗೆ ಹೋಗುತ್ತಾರೆ.

ಮಣಿಪಾಲ ಹಿತ್ತಿಲು
ತರಕಾರಿಗೆ ಮೀನಿನ ನೀರೇ? ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರು, ಸೆಗಣಿ ನೀರು ಬಿಟ್ಟರೆ ಬೇರೆ ಹಾಕಿದವರಿಲ್ಲ. ಬಸಳೆ ಚೆನ್ನಾಗಿಯೇ ಬರುತ್ತದೆ.

ಕಿನ್ನಿಗೋಳಿ ಬಸಳೆ
ಬರುತ್ತದೆ, ಬರುತ್ತದೆ. ಪೇಟೆಯಿಂದ ಬಸಳೆ ತರುವಾಗ ಅದಕ್ಕೆ ಯಾವ ನೀರು ಬಿದ್ದಿತ್ತು ಎಂದು ಕೇಳಿ ತಂದಿದ್ದೀರಾ ಅಕ್ಕ?

ಕಟಪಾಡಿ ಗುಳ್ಳ
ಬಿಜೈಯವರೇ, ಟೆರೇಸಿನ ಗ್ರೋಬ್ಯಾಗಿನಲ್ಲಿ ಬೆಳೆದದ್ದು ಗುಳ್ಳ ಆಗಬಹುದು, ಮಟ್ಟು ಗುಳ್ಳ ಆಗುವುದಿಲ್ಲ. 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದ್ದು ಆ ಊರಿನ ಬೆಳೆಗೆ. ಸೋದೆ ಮಠದ ಯತಿ ವಾದಿರಾಜರು ಕೊಟ್ಟ ಬೀಜವೆಂದು ಊರಿನವರು ಇಂದಿಗೂ ನಂಬುತ್ತಾರೆ. ಆ ತೆಳು ಸಿಪ್ಪೆ ನಾರಿನ ಹುಡಿಯಲ್ಲಿ ಬರುವಂಥದ್ದಲ್ಲ.

ನಾವು ಕಟಪಾಡಿಯಲ್ಲೇ ಇದ್ದೂ ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಬದನೆ ಮಾಡಿ ಕೈ ಸುಟ್ಟುಕೊಂಡವರು. ಅರುವತ್ತು ಗಿಡ. ಹೂ ಬಿಟ್ಟ ವಾರವೇ ಒಂದೊಂದಾಗಿ ಹಗಲು ಬಾಡಿ ಸಂಜೆ ಚೇತರಿಸಿ, ಮೂರನೇ ದಿನ ಪೂರ್ತಿ ಮಲಗಿದವು. ಎಲೆ ಹಸಿರಾಗಿಯೇ ಇತ್ತು. ನೀರು ಸಾಲದು ಎಂದುಕೊಂಡು ದಿನಕ್ಕೆ ಎರಡು ಕೊಡ ಹೆಚ್ಚು ಹಾಕಿದೆ, ಇನ್ನೂ ಬೇಗ ಸತ್ತವು. ಕೊನೆಗೆ ತೋಟಗಾರಿಕೆ ಓದಿದ ಅಳಿಯ ಬಂದು ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟ. ಕತ್ತರಿಸಿದ ಬಾಯಿಯಿಂದ ಹಾಲಿನ ದಾರದ ಹಾಗೆ ಬಿಳಿ ದ್ರವ ಇಳಿಯಿತು. ಸೊರಗು ರೋಗ, ಬ್ಯಾಕ್ಟೀರಿಯಾ ಮಣ್ಣಿನಲ್ಲೇ ಉಂಟು, ಹುಳಿ ಮಣ್ಣು ಬೇರೆ. ಸುಣ್ಣ ಹಾಕಿದೆ, ಮರುವರ್ಷ ಅರ್ಧ ಉಳಿಯಿತು. ಈಗ ಸುಂಡೆ (ಕಾಡು ಬದನೆ) ಗಿಡಕ್ಕೆ ಕಸಿ ಕಟ್ಟಿದ ಸಸಿ ತರುತ್ತೇನೆ. ಒಂದಕ್ಕೆ 25 ರೂಪಾಯಿ ಕೊಡುವಾಗ ಹೊಟ್ಟೆ ಉರಿಯುತ್ತದೆ, ಆದರೆ ಸಾಯುವುದಿಲ್ಲ.

ಬಿಜೈ ಟೆರೇಸ್
ನಿಮ್ಮದೂ ಮಟ್ಟು ಮಣ್ಣಲ್ಲ ಎಂದಾಯಿತಲ್ಲ! ಹಾಗಾದರೆ ನನ್ನ ಗುಳ್ಳಕ್ಕೆ ಯಾಕೆ ಹೆಸರಿಡುತ್ತೀರಿ?

ಕಟಪಾಡಿ ಗುಳ್ಳ
ನಾನು ನನ್ನದನ್ನು ಬದನೆ ಎಂದೇ ಹೇಳಿದ್ದೇನೆ. ಮೇಲೆ ಓದಿ.

ಪಡುಬಿದ್ರಿ ಉಪ್ಪುನೀರು
ನೀರಿನ ವಿಷಯ ಯಾರೂ ಎತ್ತಲಿಲ್ಲ, ಆಶ್ಚರ್ಯ. ನನ್ನ ಬಾವಿ ಮಾರ್ಚ್ ಕೊನೆಯವರೆಗೆ ಎಳನೀರು. ಆ ವರ್ಷ ಅಲಸಂಡೆ ಎರಡು ಸಾಲು, ಹೀರೆ, ಪಡುವಲ ಎಲ್ಲ ಹಾಕಿದ್ದೆ. ಪಂಪು ದಿನಕ್ಕೆ ಒಂದು ಗಂಟೆ ಓಡುತ್ತಿತ್ತು. ಏಪ್ರಿಲ್ ಮೊದಲ ವಾರ ಅಲಸಂಡೆಯ ಎಲೆಯ ಅಂಚು ಸುಟ್ಟ ಹಾಗೆ ಕಂದಾಯಿತು. ರೋಗವೆಂದು ತಿಳಿದು ಬೇವಿನ ಎಣ್ಣೆ ಹೊಡೆದೆ, 480 ರೂಪಾಯಿ. ಸಸ್ಯಹೇನೆಂದು ತಿಳಿದು ಸಾಬೂನು ನೀರು ಹೊಡೆದೆ. ಒಂದು ದಿನ ಹೆಂಡತಿ ಅದೇ ಬಾವಿಯ ನೀರಿನಲ್ಲಿ ಕಾಫಿ ಮಾಡಿದಳು. ಒಂದು ಗುಟುಕು ಕುಡಿದಾಗ ರೋಗ ಯಾವುದೆಂದು ಗೊತ್ತಾಯಿತು. ಹೆಚ್ಚು ಸೇದಿದಷ್ಟೂ ಸಿಹಿ ನೀರು ತಗ್ಗಿ ಉಪ್ಪು ನುಗ್ಗುತ್ತದೆ. ಆಮೇಲೆ ಬೋರ್ ಹಾಕಿಸಿದೆ, 92,000. ಅದರಲ್ಲಿ ಕಬ್ಬಿಣದ ಕೆಂಪು ನೀರು. ಈಗ ಕೆಂಪು ನೀರಿನಲ್ಲಿ ಹರಿವೆ ಮಾಡುತ್ತೇನೆ. ಹರಿವೆಯೂ ಕೆಂಪು, ಬಕೆಟ್ಟೂ ಕೆಂಪು.

ಬಿಜೈ ಟೆರೇಸ್
ಬಾವಿಯಾದರೂ ಉಂಟಲ್ಲ ನಿಮಗೆ. 2019ರಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ಮಂಗಳೂರು ನಗರಕ್ಕೆ ನಳ್ಳಿ ನೀರು ಸರದಿಯಲ್ಲಿ ಬರುತ್ತಿದ್ದಾಗ ನಾವು ಪಾತ್ರೆ ತೊಳೆದ ನೀರನ್ನು ಮೆಟ್ಟಿಲು ಹತ್ತಿ ಹೊತ್ತಿದ್ದೇವೆ.

ಮಣಿಪಾಲ ಹಿತ್ತಿಲು
ಅದೇ ವರ್ಷ ಉಡುಪಿಯಲ್ಲಿ ಬಜೆ ಅಣೆಕಟ್ಟು ಬತ್ತಿದ್ದು ಮರೆತಿರಾ? ನಮಗೆ ಪಾತ್ರೆ ತೊಳೆಯಲೂ ನೀರಿರಲಿಲ್ಲ. ಆಗಲೂ ಯಾರೂ ಮೀನಿನ ನೀರು ಹುಡುಕಿಕೊಂಡು ಹೋಗಲಿಲ್ಲ.

ಕಿನ್ನಿಗೋಳಿ ಬಸಳೆ
ಇನ್ನೂ ಅಲ್ಲೇ ಇದ್ದೀರಾ?

ಮೂಡುಬಿದಿರೆ ಮಾಸ್ತರ್
ನಿವೃತ್ತನಾದ ಮೇಲೆ ಗದ್ದೆಯ ಕೊಯ್ಲಾದ ಜಾಗದಲ್ಲಿ ಸೌತೆ ಮಾಡುತ್ತಾ ಬಂದಿದ್ದೇನೆ. ಮುಖ್ಯ ಶತ್ರುಗಳು ಎರಡು. ಒಂದು ನವಿಲು. ಬೀಜ ಎರಡೆಲೆ ಬಿಡುವುದಕ್ಕೆ ಕಾದು ಬಂದು ಸಾಲಾಗಿ ಕೀಳುತ್ತದೆ. ಓಡಿಸಬಹುದು, ಮುಟ್ಟುವಂತಿಲ್ಲ. ಸುತ್ತ ಹೆಂಡತಿಯ ಹಳೆಯ ಸೀರೆಗಳನ್ನು ಕಟ್ಟಿದ್ದೇನೆ. ಅದರಲ್ಲಿ ಒಂದು ಹಳೆಯದಲ್ಲ ಎಂದು ನಂತರ ತಿಳಿಯಿತು.

ಎರಡನೆಯದು ಹಣ್ಣುನೊಣ. ಮಿಡಿಗೆ ಸೂಜಿ ಚುಚ್ಚಿದಂಥ ಗುರುತು, ಅಲ್ಲಿಂದ ಅಂಟು, ವಾರದೊಳಗೆ ಒಳಗೆಲ್ಲ ಬಿಳಿ ಹುಳು. ಅಂಗಡಿಯವರು ವಾಸನೆಯಿಂದ ನೊಣ ಸೆಳೆದು ಹಿಡಿಯುವ ಮೋಹಕ ಬಲೆ ಕೊಟ್ಟರು, ಆರು ತಂದು ಕಟ್ಟಿದೆ, 900 ರೂಪಾಯಿ. ಡಬ್ಬಿಯಲ್ಲಿ ನೊಣಗಳು ರಾಶಿ ಬಿದ್ದವು, ಸೌತೆ ಮಾತ್ರ ಕೊಳೆಯುತ್ತಲೇ ಇತ್ತು. ಅದು ಮಾವಿನ ನೊಣದ ಮದ್ದು. ಮಾವಿಗೆ ಮೀಥೈಲ್ ಯೂಜಿನಾಲ್, ಬಳ್ಳಿ ತರಕಾರಿಗೆ ಕ್ಯೂಲೂರ್. ಎರಡು ಬೇಸಿಗೆ ಪಕ್ಕದ ಮನೆಯವರ ಮಾವನ್ನು ನಾನು ಕಾದೆ. ಅವರು ಒಂದು ಹಣ್ಣನ್ನೂ ಕೊಡಲಿಲ್ಲ. ಈಗ ಮಿಡಿ ಹೆಬ್ಬೆರಳಿನಷ್ಟಾದಾಗಲೇ ಪತ್ರಿಕೆಯ ಕಾಗದ ಸುತ್ತುತ್ತೇನೆ.

ಅಂದ ಹಾಗೆ ಸುರತ್ಕಲಿನವರೇ, ಸಾಂಬಾರು ಸೌತೆ ಹಳದಿ ಪಟ್ಟೆ ಬಂದು ಬಲಿಯಲು ಎರಡು ತಿಂಗಳು ಬೇಕು. ಜನವರಿಯಲ್ಲೇ ಬಿತ್ತಬೇಕಿತ್ತು. ಹರಿವೆ ಹಾಕಿ, ತಿಂಗಳಿಗೆ ಸಿಗುತ್ತದೆ. ಮುಳ್ಳುಸೌತೆಯೂ ಆದೀತು.

ಕಟಪಾಡಿ ಗುಳ್ಳ
ಮಾಸ್ತರರೇ, ಕಾಗದ ಒದ್ದೆಯಾದರೆ ಮಿಡಿ ಕೊಳೆಯುವುದಿಲ್ಲವೇ?

ಮೂಡುಬಿದಿರೆ ಮಾಸ್ತರ್
ಬುಡಕ್ಕೆ ನೀರು ಹಾಕುವವರಿಗೆ ಒದ್ದೆಯಾಗುವುದಿಲ್ಲ. ಕಿನ್ನಿಗೋಳಿಯ ಯಜಮಾನರ ಹಾಗೆ ಹಾಕಿದರೆ ಆಗುತ್ತದೆ.

ಕಿನ್ನಿಗೋಳಿ ಬಸಳೆ
ನಮ್ಮವರನ್ನು ಬೈಯಲು ನಾನಿದ್ದೇನೆ ಮಾಸ್ತರರೇ. ನೀವು ನಿಮ್ಮ ಸೀರೆ ನೋಡಿಕೊಳ್ಳಿ.

ಸುರತ್ಕಲ್ ಹೊಸಬ (ಏಪ್ರಿಲ್ 16)
ಎಲ್ಲರಿಗೂ ಧನ್ಯವಾದ. ಮಾಸ್ತರರು ಹೇಳಿದರೂ ಆಸೆಗೆ ಆರು ಕುಣಿ ಸೌತೆ ಬಿತ್ತಿದ್ದೆ. ನಾಲ್ಕು ಉಳಿದವು. ಬಿಸುವಿನ ದಿನ ಬಳ್ಳಿಯಲ್ಲಿ ಹಸಿರು ಕಾಯಿ ಎರಡು ಇದ್ದವು, ಇನ್ನೂ ಮೈಮೇಲಿನ ಸುಣೆ (ಎಳೆ ರೋಮ) ಹೋಗಿರಲಿಲ್ಲ. ಕಣಿಗೆ ಸುರತ್ಕಲ್ ಮಾರುಕಟ್ಟೆಯ ಸೌತೆಯನ್ನೇ ತಂದೆವು. ಪಕ್ಕದಲ್ಲಿ ಹಿತ್ತಿಲಿನ ಹರಿವೆ ಒಂದು ಕಟ್ಟು ಇಟ್ಟೆವು. ಅತ್ತೆ ಬಂದವರಿಗೆಲ್ಲ ಹರಿವೆಯನ್ನೇ ತೋರಿಸಿದರು. ಬಾವಿಯ ನೀರು ಮೊನ್ನೆಯಿಂದ ಸ್ವಲ್ಪ ಉಪ್ಪು ಎನಿಸುತ್ತಿದೆ. ಬಸಳೆ ಕಡ್ಡಿ ಎಲ್ಲಿ ಸಿಗುತ್ತದೆ?

ಪಡುಬಿದ್ರಿ ಉಪ್ಪುನೀರು
ಬೋರ್ ಹಾಕಿಸಬೇಡಿ. ಬಾಡಿಗೆ ಮನೆಗೆ ಖಂಡಿತ ಬೇಡ.

ಕಿನ್ನಿಗೋಳಿ ಬಸಳೆ
ಆದಿತ್ಯವಾರ ಬನ್ನಿ, ಹತ್ತು ಕಡ್ಡಿ ಕತ್ತರಿಸಿ ಇಡುತ್ತೇನೆ. ಅತ್ತೆಯನ್ನೂ ಕರೆದುಕೊಂಡು ಬನ್ನಿ.

ಮಣಿಪಾಲ ಹಿತ್ತಿಲು
ಮೀನಿನ ನೀರು ಬೀಳದ ಕಡ್ಡಿ ಬೇಕಾದರೆ ನಮ್ಮಲ್ಲಿಯೂ ಉಂಟು.