ಮಹಡಿ ಮೇಲಿನ ಹೊಸ ರೂಟರ್: ರೂಟರ್ ಮೋಡಾ, ಎಪಿ ಮೋಡಾ?

ಹಾಸನದ_ಹೈದ
ಎಲ್ರಿಗೂ ನಮಸ್ಕಾರ. ಫೈಬರ್ ಬಾಕ್ಸ್ ಕೆಳಗಡೆ ಹಾಲ್‌ನಲ್ಲಿ ಟೀವಿ ಪಕ್ಕ ಇದೆ, ಮಧ್ಯ ಆರ್‌ಸಿಸಿ ಇರೋದ್ರಿಂದ ಮಹಡಿ ಮೇಲೆ ಸಿಗ್ನಲ್ ಒಂದು ಕಡ್ಡಿ ಬಂದ್ರೆ ಜಾಸ್ತಿ, ಅದಕ್ಕೆ ಎಲೆಕ್ಟ್ರಿಷಿಯನ್ ಕೈಲಿ ಕ್ಯಾಟ್ 6 ಕೇಬಲ್ ಎಳೆಸಿ ಮೇಲೊಂದು ಹೊಸ ರೂಟರ್ ಇಟ್ಟಿದೀನಿ. ಸ್ಪೀಡೇನೋ ಸೂಪರ್. ಆದ್ರೆ ಮೇಲಿನ ವೈಫೈಗೆ ಹೋದ್ರೆ ಸಾಕು, ಕೆಳಗಿನ ಟೀವಿಗೆ ಫೋನಿಂದ ಕಾಸ್ಟ್ ಆಗಲ್ಲ, ಪ್ರಿಂಟರ್ ಆಫ್‌ಲೈನ್ ಅನ್ನುತ್ತೆ. ಈಗ ರೂಟರ್ ಮೋಡಲ್ಲಿದೆ, ಆಕ್ಸೆಸ್ ಪಾಯಿಂಟ್ (ಎಪಿ) ಅಂತ ಇನ್ನೊಂದಿದೆ. ಬದಲಾಯಿಸಿದ್ರೆ ಏನಾದ್ರೂ ಕಳ್ಕೋತೀನಾ? ಮುಂದೆ ಮೇಲ್ಗಡೆ ಬಾಡಿಗೆಗೆ ಕೊಡೋ ಯೋಚ್ನೆನೂ ಇದೆ.

ಕೇಬಲ್_ಕಿಟ್ಟಿ
ಫೋನಲ್ಲಿ ಐಪಿ, ಅಂದ್ರೆ ನೆಟ್‌ವರ್ಕಲ್ಲಿ ಅದಕ್ಕೆ ಸಿಕ್ಕಿರೋ ಅಡ್ರೆಸ್ ನೋಡಿ ಸರ್. ಕೆಳಗೆ 192.168.1 ಅಂತ ಶುರುವಾಗಿ ಮೇಲೆ 192.168.0 ಅಂತ ಬಂದ್ರೆ ನಿಮ್ಮನೇಲಿ ಎರಡು ಬೇರೆ ಬೇರೆ ನೆಟ್‌ವರ್ಕ್ ಆಗಿದೆ, ಎರಡು ಬಾಕ್ಸೂ ಅಡ್ರೆಸ್ ಹಂಚ್ತಾ ಕೂತಿವೆ, ಇದನ್ನೇ ಡಬಲ್ ನ್ಯಾಟ್ ಅನ್ನೋದು. ಟೀವಿ, ಪ್ರಿಂಟರ್ ಹುಡುಕೋ ಮೆಸೇಜು ಒಂದು ನೆಟ್‌ವರ್ಕ್ ದಾಟಿ ಇನ್ನೊಂದಕ್ಕೆ ಹೋಗಲ್ಲ. ಎಪಿ ಮೋಡ್ ಹಾಕಿ, ಆಗ ಅಡ್ರೆಸ್ ಕೊಡೋದೆಲ್ಲ ಕೆಳಗಿನ ಬಾಕ್ಸ್, ಮೇಲಿನದು ಬರೀ ವೈಫೈ ಕೊಡುತ್ತೆ. ಕಳ್ಕೊಳ್ಳೋದು ಅಂದ್ರೆ ಹೊಸ ರೂಟರ್‌ನ ಪೇರೆಂಟಲ್ ಕಂಟ್ರೋಲ್, ಫೈರ್‌ವಾಲ್ ಇಂಥವು, ಸಾಮಾನ್ಯವಾಗಿ ಆಫ್ ಆಗ್ತವೆ. ಹೆಸ್ರು ಪಾಸ್‌ವರ್ಡ್ ಎರಡಕ್ಕೂ ಒಂದೇ ಇಡಿ, 2.4 ಗಿಗಾಹರ್ಟ್ಸ್ ವೈಫೈಲಿ ಚಾನಲ್ ಮಾತ್ರ ಬೇರೆ, ಒಂದಕ್ಕೆ 1 ಇಟ್ರೆ ಇನ್ನೊಂದಕ್ಕೆ 6 ಇಲ್ಲಾ 11.

ರಾತ್ರಿಪಾಳಿ
ಬಾಡಿಗೆಗೆ ಕೊಡೋದಾದ್ರೆ ರೂಟರ್ ಮೋಡಲ್ಲೇ ಬಿಡಿ ಗುರು. ಅವರ ನೆಟ್‌ವರ್ಕ್ ಬೇರೆ ನಿಮ್ದು ಬೇರೆ, ಸೇಫು.

ಧಾರವಾಡ_ಪೇಡೆ
ಉಲ್ಟಾ ಆತ್ರಿ ಅದು. ಮ್ಯಾಲಿನ ರೂಟರ್ ಹಿಂದ ಇರೋರು ಕೆಳಗಿನ ನೆಟ್‌ವರ್ಕ್ ದಾಟೇ ಇಂಟರ್ನೆಟ್‌ಗೆ ಹೋಗ್ಬೇಕಲ್ರಿ, ಅಂದಮ್ಯಾಲೆ ಬಾಡಿಗಿಯವ್ರು 192.168.1.1 ಅಂತ ಹೊಡದ್ರ ನಿಮ್ಮ ಬಾಕ್ಸಿನ ಲಾಗಿನ್ ಪೇಜೇ ತೆರಿತೈತಿ, ಡೀಫಾಲ್ಟ್ ಪಾಸ್‌ವರ್ಡ್ ಇದ್ರಂತೂ ಮುಗೀತು. ಪ್ರಿಂಟರೂ ಹಂಗ, ತಾನಾಗೇ ಕಾಣ್ಸಂಗಿಲ್ಲ, ಆದ್ರ ಅದರ ಐಪಿ ಗೊತ್ತಿದ್ರ ಮ್ಯಾಲಿಂದನೂ ಪ್ರಿಂಟ್ ಆಗ್ತೈತಿ. ಎರಡನೇ ರೂಟರ್ ಕಾಯೋದು ತನ್ನ ಒಳಗ ಇರೋರನ್ನ, ಹೊರಗಿನೋರನ್ನ ಅಲ್ಲ. ಹಂಗ ಮಾಡೂದೇ ಇದ್ರ ನಿಮ್ಮ ಸಾಮಾನ ಆ ರೂಟರ್ ಹಿಂದ ಇರ್ಬೇಕು. ನನ್ನ ಕೇಳಿದ್ರ ಬಾಡಿಗಿಯವ್ರು ತಮ್ಮ ಕನೆಕ್ಷನ್ ತಾವ ಹಾಕಿಸ್ಕೊಳ್ಳಿ, ನಿಮ್ಮ ಹೆಸರಿನ ಲೈನಿನ್ಯಾಗ ಯಾರೇನು ಮಾಡಿದ್ರೂ ಮೊದಲು ಕೇಳೂದು ನಿಮ್ಮನ್ನ. ಈಗ ಎಪಿ ಹಾಕ್ರಿ.

ರಾತ್ರಿಪಾಳಿ
ಓ ಹಂಗಾ. ಸರಿ ಬಿಡಿ. ಹಂಗಾದ್ರೆ ಕೆಳಗಿನದನ್ನೇ ಬ್ರಿಡ್ಜ್ ಮೋಡ್‌ಗೆ, ಅಂದ್ರೆ ರೂಟರ್ ಕೆಲ್ಸ ಬಿಟ್ಟು ಬರೀ ಲೈನ್ ದಾಟಿಸೋ ಹಂಗೆ ಹಾಕ್ಸಿ ಹೊಸದನ್ನೇ ಮೇನ್ ಮಾಡಿದ್ರೆ?

ಕೇಬಲ್_ಕಿಟ್ಟಿ
ಮಾಡ್ಬೋದು, ಆದ್ರೆ ಆಗ ಕೆಳಗಿನ ವೈಫೈ ಸಾಮಾನ್ಯವಾಗಿ ಹೋಗುತ್ತೆ, ಇಂಟರ್ನೆಟ್ ಲೈನಿಗೆ ಲಾಗಿನ್ ಆಗೋ ಪಿಪಿಪಿಒಇ ಯೂಸರ್‌ನೇಮ್ ಪಾಸ್‌ವರ್ಡ್ ಕಂಪನಿಯವರ ಹತ್ರ ಇಸ್ಕೊಂಡು ಹೊಸದಕ್ಕೆ ಹಾಕ್ಬೇಕು, ಅದೇ ಬಾಕ್ಸಲ್ಲಿ ಲ್ಯಾಂಡ್‌ಲೈನ್ ಇದ್ರೆ ಅದೂ ನಿಂತ್ಹೋಗ್ಬೋದು. ಇವರಿಗೆ ಎರಡು ಕಡೆನೂ ವೈಫೈ ಬೇಕಲ್ವಾ, ಸುಮ್ನೆ ಯಾಕೆ ತಲೆನೋವು.

ಹಾಸನದ_ಹೈದ
ಎಪಿ ಮಾಡ್ದೆ, ರೀಸ್ಟಾರ್ಟ್ ಆಯ್ತು, ಕಾಸ್ಟು ಪ್ರಿಂಟು ಎರಡೂ ಆಗ್ತಿದೆ, ಥ್ಯಾಂಕ್ಸ್! ಆದ್ರೆ ಈಗ 192.168.0.1 ಹಾಕಿದ್ರೆ ಹೊಸ ರೂಟರ್ ಪೇಜೇ ಓಪನ್ ಆಗ್ತಿಲ್ಲ, ಕೆಟ್ಟೋಯ್ತಾ?

ಧಾರವಾಡ_ಪೇಡೆ
ಕೆಟ್ಟಿಲ್ರಿ. ಈಗ ಅದಕ್ಕೂ ಕೆಳಗಿನ ಬಾಕ್ಸೇ ಐಪಿ ಕೊಟ್ಟಿರ್ತೈತಿ. ಆ ಬಾಕ್ಸಿಗೆ ಲಾಗಿನ್ ಆಗಿ ಡಿಎಚ್‌ಸಿಪಿ ಲಿಸ್ಟ್, ಅಂದ್ರ ಯಾರಿಗೆ ಯಾವ ಐಪಿ ಕೊಟ್ಟೈತಿ ಅನ್ನೋ ಪಟ್ಟಿ ತಗೀರಿ, ರೂಟರ್ ಬುಡಕ್ಕ ಅಂಟಿಸಿರೋ ಸ್ಟಿಕರ್‌ನ ಮ್ಯಾಕ್ ಅಡ್ರೆಸ್‌ಗೆ (ಆ ಸಾಮಾನಿನ ಗುರುತಿನ ನಂಬರ್) ಹೊಂದೋದು ಯಾವ್ದೈತಿ ನೋಡ್ರಿ. ಒಂದೆರಡು ಅಂಕಿ ಆಚೀಚೆ ಇದ್ರೂ ಅದ. ಸಿಕ್ಕಮ್ಯಾಲೆ ಯಾವಾಗ್ಲೂ ಅದೇ ಸಿಗೂ ಹಂಗ ಅಲ್ಲೇ ಐಪಿ ರಿಸರ್ವ್ ಮಾಡಿಬಿಡ್ರಿ, ಮತ್ತ ಹುಡುಕೂದು ತಪ್ಪತೈತಿ.